ದೋಷ ಪತ್ತೆಗೂ ದರವಿರಲಿ

ಹಳೆಯ ಟಿ.ವಿ.ಗಳ ದುರಸ್ತಿ ವ್ಯವಹಾರದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಅಲ್ಲಿ ಹೆಚ್ಚು ಕೌಶಲವನ್ನು ಬೇಡುವ ಕೆಲಸಕ್ಕೆ ಬೆಲೆಯಿಲ್ಲ. ಕಡಿಮೆ ಕೌಶಲದ ಕೆಲಸಕ್ಕೆ ಬೆಲೆಯಿದೆ. ಚಿತ್ರವು ಏಕೆ ಮಾಯವಾಯಿತು ಎಂಬುದನ್ನು ಕಂಡುಹಿಡಿಯಲು ತಂತ್ರಜ್ಞನು ಮುಕ್ಕಾಲು ಗಂಟೆ ವ್ಯಯಿಸುತ್ತಾನೆ. ಕಾರಣ ತಿಳಿದ ಮೇಲೆ ಐದು ನಿಮಿಷದಲ್ಲಿ ಬೆಸುಗೆ ಹಾಕಿಯೋ ಪಿನ್ನನ್ನು ಬಿಗಿ ಮಾಡಿಯೋ ಕೆಲಸ ಮುಗಿಸುತ್ತಾನೆ. ಗ್ರಾಹಕನಾದರೋ ಹಣ ಕೊಡಲು ಒಪ್ಪುವುದು ಬದಲಾಯಿಸಿದ ಬಿಡಿಭಾಗಕ್ಕೆ ಮಾತ್ರ. ಯಾವ ಭಾಗವನ್ನೂ ಬದಲಾಯಿಸಲಿಲ್ಲವೆಂದರೆ "ಏನೂ ಹಾಕಿಲ್ಲವಲ್ಲ, ಇಷ್ಟೇಕೆ ಕೊಡಬೇಕು?" ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಡಲಾಗದ ಪ್ರಾಮಾಣಿಕ ತಂತ್ರಜ್ಞನು ಕ್ರಮೇಣ ಅಂಗಡಿ ಮುಚ್ಚುತ್ತಾನೆ. ಉತ್ತರ ಕೊಡುವ ಗೋಜಿಗೇ ಹೋಗದವನು "ಐ.ಸಿ. ಹೋಗಿದೆ" ಎಂದು ಹೇಳಿ, ಹೋಗಿಲ್ಲದ ಭಾಗಕ್ಕೆ ಬಿಲ್ಲು ಬರೆಯುತ್ತಾನೆ. ಇದರಿಂದ ಗ್ರಾಹಕನ ವಿಶ್ವಾಸವೂ ಹೋಗುತ್ತದೆ, ವೃತ್ತಿಯ ಮರ್ಯಾದೆಯೂ ಹೋಗುತ್ತದೆ; ಇನ್ನೂ ಕೆಲವು ವರ್ಷ ನಡೆಯಬಹುದಾಗಿದ್ದ ಯಂತ್ರವು ಗುಜರಿ ಸೇರುತ್ತದೆ. ಇದಕ್ಕೆ ವ್ಯಕ್ತಿಗಳ ನೀತಿಗಿಂತ ದರ ನಿಗದಿಯ ಪದ್ಧತಿಯೇ ಹೆಚ್ಚು ಕಾರಣವೆಂದರೆ ತಪ್ಪಾಗಲಾರದು.

ಹಳೆಯ ಟಿ.ವಿ.ಗಳು ಎಲ್ಲಿವೆ?

ಹಳೆಯ ಟಿ.ವಿ. ಎಂದೊಡನೆ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನಂತರ ಮನೆಮನೆಗೆ ಬಂದ, ಪಿಕ್ಚರ್ ಟ್ಯೂಬ್ ಇರುವ ವರ್ಣ ಟಿ.ವಿ. ನೆನಪಾಗುವುದು ಸಹಜ. ಅಂತಹವು ಹಳ್ಳಿಗಳ ಮನೆಗಳಲ್ಲಿ, ಚಹಾದಂಗಡಿಗಳಲ್ಲಿ, ಹಳೆಯ ಸಿ.ಸಿ. ಕ್ಯಾಮೆರಾ ವ್ಯವಸ್ಥೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಆದರೆ ಎಂಟು ಹತ್ತು ವರ್ಷ ದಾಟಿದ ಎಲ್.ಸಿ.ಡಿ. ಮತ್ತು ಎಲ್.ಇ.ಡಿ. ಟಿ.ವಿ.ಗಳೂ ಇಂದು ಹಳೆಯವೇ. ವಸತಿಗೃಹ, ಆಸ್ಪತ್ರೆಯ ನಿರೀಕ್ಷಣಾ ಕೊಠಡಿ, ವಿದ್ಯಾರ್ಥಿನಿಲಯ, ಕಲ್ಯಾಣ ಮಂಟಪಗಳನ್ನು ನಡೆಸುವ ಅನೇಕ ವಾಣಿಜ್ಯೋದ್ಯಮಿಗಳ ಆಸ್ತಿ ಪಟ್ಟಿಯಲ್ಲಿ ಇವು ಸೇರಿವೆ. ಆದ್ದರಿಂದ ಇದು ದುರಸ್ತಿಗಾರರ ಸಮಸ್ಯೆಯಷ್ಟೇ ಅಲ್ಲ, ದುರಸ್ತಿ ಮಾಡಿಸುವವರ ಖರ್ಚಿನ ಪ್ರಶ್ನೆಯೂ ಹೌದು.

ಪ್ರಸಾರ ವ್ಯವಸ್ಥೆಯೂ ಈ ನಡುವೆ ಬದಲಾಗಿದೆ. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ, 2013ರಲ್ಲಿ, ಬೆಂಗಳೂರು ಮತ್ತು ಮೈಸೂರು ಸೇರಿದವು. ಉಳಿದ ಊರುಗಳು ನಂತರದ ಹಂತಗಳಲ್ಲಿ ಬಂದವು. ದೂರದರ್ಶನವು ತನ್ನ ಅನಲಾಗ್ ಭೂ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಮಾರ್ಚ್ ವೇಳೆಗೆ ನಿಲ್ಲಿಸಿತು. ಹೀಗಾಗಿ ಹಿಂದೆ ಆಂಟೆನಾದ ತಂತಿಯೊಂದರಿಂದ ನಡೆಯುತ್ತಿದ್ದ ಟಿ.ವಿ.ಗೆ ಇಂದು ತಟ್ಟೆ, ಸೆಟ್ ಟಾಪ್ ಬಾಕ್ಸ್, ಅಡಾಪ್ಟರ್, ಎರಡು ಮೂರು ಕೇಬಲ್‌ಗಳು, ಕೆಲವೊಮ್ಮೆ ಪರಿವರ್ತಕ ಡಬ್ಬಿ ಇವೆಲ್ಲವೂ ಬೇಕು. ಕೊಂಡಿಗಳು ಹೆಚ್ಚಿದಷ್ಟೂ ಕಳಚುವ ಸ್ಥಳಗಳೂ ಹೆಚ್ಚುತ್ತವೆ. ಚಿತ್ರ ಬಾರದಿದ್ದಾಗ ಟಿ.ವಿ.ಯನ್ನೇ ದೂರುವುದು ರೂಢಿಯಾದರೂ ದೋಷವು ಟಿ.ವಿ.ಯ ಹೊರಗೇ ಇರುವ ಸಂಭವವು ಮೊದಲಿಗಿಂತ ಹೆಚ್ಚಾಗಿದೆ.

ಹೊರಗಿನ ಸರಪಳಿಯ ಪರೀಕ್ಷೆ

ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ಎಲ್ಲ ಖಾತೆಗಳನ್ನೂ ಏಕಕಾಲಕ್ಕೆ ತಿದ್ದಲು ಯಾವ ಲೆಕ್ಕಿಗನೂ ಹೋಗುವುದಿಲ್ಲ. ಟಿ.ವಿ.ಯ ವಿಷಯದಲ್ಲೂ ಅದೇ ನಿಯಮ: ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿ ಫಲಿತಾಂಶ ನೋಡಬೇಕು.

ಮೊದಲನೆಯದಾಗಿ, ಟಿ.ವಿ.ಯ ಮೆನು ಪರದೆಯ ಮೇಲೆ ಸ್ವಚ್ಛವಾಗಿ ಮೂಡುತ್ತದೆಯೇ ಎಂದು ನೋಡಬೇಕು. ಮೂಡಿದರೆ ಪರದೆಯೂ ಅದನ್ನು ನಡೆಸುವ ಭಾಗವೂ ಬಹುಮಟ್ಟಿಗೆ ಸರಿಯಾಗಿವೆ; ತೊಂದರೆಯಿರುವುದು ಸಂಕೇತ ಬರುವ ದಾರಿಯಲ್ಲಿ. ರಿಮೋಟಿನ ಗುಂಡಿ ತಪ್ಪಿ ಒತ್ತಿ ಎ.ವಿ. ಬದಲು ಬೇರೆ ಇನ್‌ಪುಟ್ ಆಯ್ಕೆಯಾಗಿದ್ದರೂ ಪರದೆ ನೀಲಿಯಾಗುತ್ತದೆ ಅಥವಾ "ಸಿಗ್ನಲ್ ಇಲ್ಲ" ಎಂದು ತೋರಿಸುತ್ತದೆ.

ಎರಡನೆಯದಾಗಿ, ಬಾಕ್ಸನ್ನೂ ಕೇಬಲನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಸರಿಯಾಗಿರುವ ಇನ್ನೊಂದು ಟಿ.ವಿ.ಗೆ ಅದೇ ಬಾಕ್ಸನ್ನು ಅದೇ ಕೇಬಲಿನಿಂದ ಜೋಡಿಸಿದಾಗ ಚಿತ್ರ ಬಂದರೆ ಸಂದೇಹವು ಮೊದಲ ಟಿ.ವಿ.ಯ ಮೇಲೆ ನಿಲ್ಲುತ್ತದೆ. ಅಲ್ಲಿಯೂ ಬಾರದಿದ್ದರೆ ಕೇಬಲನ್ನು ಮಾತ್ರ ಬದಲಾಯಿಸಿ ನೋಡಬೇಕು. ಹಳದಿ ಪಿನ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಪಿನ್‌ಗಳು ಧ್ವನಿಗೆ. ಧ್ವನಿ ಬಂದು ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದುದು ಹಳದಿ ಪಿನ್ನನ್ನು. ಹಳದಿ ಪಿನ್ನನ್ನು ಕಾಂಪೊನೆಂಟ್ ವಿಭಾಗದ ಹಸಿರು ರಂಧ್ರಕ್ಕೆ ಸಿಕ್ಕಿಸಿದರೆ ಚಿತ್ರವು ಕಪ್ಪುಬಿಳುಪಾಗಿ ಕಾಣಬಹುದು, ಆಗ "ಬಣ್ಣದ ಐ.ಸಿ." ಬದಲಾಯಿಸಬೇಕಾದ ಪ್ರಮೇಯವೇ ಇರುವುದಿಲ್ಲ.

ಮೂರನೆಯದಾಗಿ, ಹೊಸ ಬಾಕ್ಸುಗಳಲ್ಲಿ ಮೂರು ರಂಧ್ರಗಳ ಬದಲು 3.5 ಮಿಲಿಮೀಟರಿನ ಒಂದೇ ಎ.ವಿ. ರಂಧ್ರವಿರುವುದುಂಟು. ಇದಕ್ಕೆ ಬೇಕಾದ ಕೇಬಲ್‌ಗಳು ನೋಡಲು ಒಂದೇ ತೆರನಾಗಿದ್ದರೂ ಒಳಗಿನ ತಂತಿಯ ಕ್ರಮವು ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುತ್ತದೆ. ತಪ್ಪು ಕೇಬಲ್ ಹಾಕಿದರೆ ಚಿತ್ರದ ಸಂಕೇತವು ಧ್ವನಿಯ ದಾರಿಗೆ ಹೋಗಿ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬರುತ್ತದೆ, ಪರದೆ ಖಾಲಿಯಾಗಿರುತ್ತದೆ. ಅದೇ ರೀತಿ ಎಚ್.ಡಿ.ಎಂ.ಐ.ಯಿಂದ ಎ.ವಿ.ಗೆ ಬದಲಾಯಿಸುವ ಪರಿವರ್ತಕವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಅದಕ್ಕೆ 5 ವೋಲ್ಟ್ ವಿದ್ಯುತ್ತನ್ನೂ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ.

ನಾಲ್ಕನೆಯದಾಗಿ, ಛಾವಣಿಯ ಮೇಲಿನ ಜೋಡಣೆ. ಮಲೆನಾಡಿನ ಮಳೆಗೂ ಕರಾವಳಿಯ ಉಪ್ಪುಗಾಳಿಗೂ ಕೇಬಲಿನ ತುದಿಯ ಕನೆಕ್ಟರ್ ಬಹುಬೇಗ ಕಿಲುಬು ಹಿಡಿಯುತ್ತದೆ. ನೀರು ಕೇಬಲಿನೊಳಗೆ ಇಳಿದರೆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಲೇಬೇಕು. ಆದರೆ ಜೋರು ಮಳೆಯಲ್ಲಿ ಮಾತ್ರ ಚಿತ್ರ ಹೋಗಿ ಮಳೆ ನಿಂತ ಮೇಲೆ ತಾನಾಗಿ ಬಂದರೆ, ಅದು ಸಾಮಾನ್ಯವಾಗಿ ಉಪಗ್ರಹ ಸಂಕೇತವು ಮಳೆಹನಿಗಳಲ್ಲಿ ಕುಗ್ಗುವುದರ ಪರಿಣಾಮ. ಟಿ.ವಿ. ಬಿಚ್ಚುವ ಅಗತ್ಯವಿಲ್ಲ.

ಒಂದೇ ಮೂಲದಿಂದ ಅನೇಕ ಕೊಠಡಿಗಳಿಗೆ ಕೇಬಲ್ ಹಂಚಿರುವ ವಸತಿಗೃಹಗಳ ಮಾಲೀಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಒಂದೇ ಕೊಠಡಿಯಲ್ಲಿ ಚಿತ್ರ ಹೋದರೆ ಆ ಕೊಠಡಿಯ ಕೇಬಲ್, ಬಾಕ್ಸ್ ಅಥವಾ ಟಿ.ವಿ.ಯನ್ನು ನೋಡಬೇಕು, ಇಡೀ ಮಹಡಿಯಲ್ಲಿ ಹೋದರೆ ಆ ಮಹಡಿಯ ಸ್ಪ್ಲಿಟರನ್ನು, ಇಡೀ ಕಟ್ಟಡದಲ್ಲಿ ಹೋದರೆ ಮೂಲ ಸಂಪರ್ಕ ಅಥವಾ ಆಂಪ್ಲಿಫೈಯರನ್ನು. ಎಂಟು ದಾರಿಯ ಸ್ಪ್ಲಿಟರಿನ ಪ್ರತಿ ದಾರಿಯಲ್ಲಿ ಸುಮಾರು 11 ಡೆಸಿಬೆಲ್ ಇಳಿಕೆಯಾಗುತ್ತದೆ. ಅಂದರೆ ಒಳಬಂದ ಶಕ್ತಿಯ ಹನ್ನೆರಡನೆಯ ಒಂದು ಪಾಲಿನಷ್ಟು ಮಾತ್ರ ಹೊರಬರುತ್ತದೆ. ಲೆಕ್ಕವಿಲ್ಲದೆ ಒಂದರ ಹಿಂದೊಂದು ಸ್ಪ್ಲಿಟರ್ ಜೋಡಿಸಿದ ಕಟ್ಟಡದಲ್ಲಿ ಹೊಸ ಟಿ.ವಿ. ತಂದಿಟ್ಟರೂ ಚಿತ್ರ ನಿಲ್ಲುವುದಿಲ್ಲ.

ಪೆಟ್ಟಿಗೆಯೊಳಗಿನ ದೋಷ

ಹೊರಗಿನ ಸರಪಳಿ ಸರಿಯಿದೆಯೆಂದು ಖಚಿತವಾದ ಮೇಲೆಯೇ ಹಿಂಬದಿಯ ಮುಚ್ಚಳಕ್ಕೆ ಕೈಹಾಕಬೇಕು. ಅದೂ ತರಬೇತಿ ಪಡೆದವರು ಮಾತ್ರ. ವರ್ಣ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟಿಗೂ ಹೆಚ್ಚಿನ ಒತ್ತಡ ಬೇಕು. ವಿದ್ಯುತ್ ಕಳಚಿದ ಮೇಲೂ ಆ ಚಾರ್ಜು ಟ್ಯೂಬಿನಲ್ಲಿ ಉಳಿದಿರುತ್ತದೆ. ಗ್ರಾಹಕರು ಸ್ವತಃ ಬಿಚ್ಚುವುದು ಪ್ರಾಣಾಪಾಯಕ್ಕೆ ದಾರಿ.

ಪಿಕ್ಚರ್ ಟ್ಯೂಬಿನ ಟಿ.ವಿ.ಗಳಲ್ಲಿ ಅತಿ ಪರಿಚಿತವಾದ ಕಾಯಿಲೆ ಡ್ರೈ ಸೋಲ್ಡರ್, ಅಂದರೆ ಸಡಿಲಗೊಂಡ ಬೆಸುಗೆ. ಎಲ್.ಓ.ಟಿ. ಎಂದು ಅಂಗಡಿಗಳಲ್ಲಿ ಕರೆಯುವ ಅಧಿಕ ಒತ್ತಡದ ಟ್ರಾನ್ಸ್‌ಫಾರ್ಮರಿನಂತಹ ಭಾರವಾದ ಮತ್ತು ಬಿಸಿಯಾಗುವ ಭಾಗಗಳ ಕಾಲುಗಳು ವರ್ಷಗಟ್ಟಲೆ ಕಾದು ತಣಿದು ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತವೆ. ಟಿ.ವಿ. ತಣ್ಣಗಿರುವಾಗ ಚಿತ್ರ ಬಾರದೆ ಬಿಸಿಯಾದ ಮೇಲೆ ಬರುವುದು ಅಥವಾ ಪೆಟ್ಟಿಗೆಯ ಮೇಲೆ ತಟ್ಟಿದಾಗ ಬಂದು ಹೋಗುವುದು ಇದರ ಲಕ್ಷಣ. ಪರದೆಯ ನಡುವೆ ಅಡ್ಡಲಾಗಿ ಒಂದೇ ಬೆಳ್ಳನೆಯ ಗೆರೆ ಉಳಿದರೆ ದೋಷವು ವರ್ಟಿಕಲ್ ವಿಭಾಗದಲ್ಲಿದೆ: ಅಲ್ಲಿನ ಐ.ಸಿ. ಕೆಟ್ಟಿರಬಹುದು, ಅದರ ಕಾಲಿನ ಬೆಸುಗೆ ಬಿಟ್ಟಿರಬಹುದು ಅಥವಾ ಟ್ಯೂಬಿನ ಕುತ್ತಿಗೆಯ ಸುರುಳಿಗೆ ಹೋಗುವ ಕನೆಕ್ಟರ್ ಸಡಿಲವಾಗಿರಬಹುದು. ಮೂರಕ್ಕೂ ಹೊರಗಿನ ಲಕ್ಷಣ ಒಂದೇ, ಖರ್ಚು ಮಾತ್ರ ಬೇರೆಬೇರೆ. ಒಂದು ಬಣ್ಣ ಮಾತ್ರ ಇಲ್ಲವಾದರೆ ಟ್ಯೂಬಿನ ಹಿಂದಿನ ಸಣ್ಣ ಬೋರ್ಡಿನ ಬೆಸುಗೆಗಳನ್ನು ಮೊದಲು ನೋಡುವುದು ವಾಡಿಕೆ.

ಎಲ್.ಇ.ಡಿ. ಟಿ.ವಿ.ಗಳಲ್ಲಿ ಧ್ವನಿಯಿದ್ದು ಪರದೆ ಕತ್ತಲಾಗಿದ್ದರೆ, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಹಿಂಬೆಳಕಿನ ಪಟ್ಟಿ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ. ಪ್ಯಾನೆಲ್ ಕೆಟ್ಟಿದೆಯೆಂದು ಟಿ.ವಿ.ಯನ್ನು ಎಸೆಯಬೇಕಾಗಿಲ್ಲ. ಅರ್ಧ ಪರದೆ ಮಾಯವಾದರೆ ಒಳಗಿನ ರಿಬ್ಬನ್ ಕೇಬಲಿನ ಸಂಪರ್ಕವೂ ಕಾರಣವಾಗಿರಬಹುದು, ಪ್ಯಾನೆಲಿನ ಅಂಚಿನ ಜೋಡಣೆಯೂ ಕಾರಣವಾಗಿರಬಹುದು. ಮೊದಲನೆಯದು ಅಲ್ಪ ಖರ್ಚಿನದು. ಎರಡನೆಯದಾದರೆ ಪ್ಯಾನೆಲಿನ ಬೆಲೆಯೇ ಹೊಸ ಟಿ.ವಿ.ಯ ಬೆಲೆಯನ್ನು ಸಮೀಪಿಸುತ್ತದೆ. ಆಗ ದುರಸ್ತಿ ಬೇಡವೆಂದು ಹೇಳುವುದೇ ಸರಿಯಾದ ಸಲಹೆ.

ಲೆಕ್ಕ ಏನು ಹೇಳುತ್ತದೆ?

ಈ ವಿವರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗ್ರಾಹಕನಿಗೆ ದೊರೆಯುವ ನಿಜವಾದ ಸೇವೆಯೆಂದರೆ ದೋಷದ ಪತ್ತೆ. ಇದರ ವೆಚ್ಚವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಒಂದು ಸಣ್ಣ ಅಂಗಡಿಯ ತಿಂಗಳ ಬಾಡಿಗೆ 6,000 ರೂಪಾಯಿ, ವಿದ್ಯುತ್ ಮತ್ತು ಇತರೆ 1,000, ಸಹಾಯಕನ ಸಂಬಳ 9,000, ಮಾಲೀಕನ ಸ್ವಂತ ದುಡಿಮೆಯ ಮೌಲ್ಯ 20,000 ಎಂದಿಟ್ಟುಕೊಂಡರೆ ಒಟ್ಟು 36,000 ರೂಪಾಯಿ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ 200 ಗಂಟೆ ಅಂಗಡಿ ತೆರೆದಿದ್ದರೂ ಗ್ರಾಹಕರೊಡನೆ ಮಾತು, ಬಿಡಿಭಾಗಕ್ಕಾಗಿ ಓಡಾಟ ಕಳೆದು 120 ಗಂಟೆ ಮೇಜಿನ ಮುಂದಿನ ಕೆಲಸಕ್ಕೆ ಸಿಕ್ಕರೆ, ಗಂಟೆಗೆ ತಗಲುವ ವೆಚ್ಚ 300 ರೂಪಾಯಿ.

ಈ ಅಂಗಡಿಗೆ ಸಡಿಲ ಬೆಸುಗೆಯ ಟಿ.ವಿ.ಯೊಂದು ಬಂದಿತೆನ್ನೋಣ. ಪತ್ತೆಗೆ 50 ನಿಮಿಷ, ಬೆಸುಗೆಗೆ 5 ನಿಮಿಷ. ಪತ್ತೆಯ ವೆಚ್ಚ 250 ರೂಪಾಯಿ, ಬೆಸುಗೆಯ ವೆಚ್ಚ 25 ರೂಪಾಯಿ. "ಬರೀ ಬೆಸುಗೆ ತಾನೇ" ಎಂದು ಗ್ರಾಹಕನು 100 ರೂಪಾಯಿ ಕೊಟ್ಟರೆ ಅಂಗಡಿಗೆ 175 ರೂಪಾಯಿ ನಷ್ಟ. ಅದೇ ತಂತ್ರಜ್ಞನು ಐ.ಸಿ. ಬದಲಾಯಿಸಿದೆನೆಂದು 450 ರೂಪಾಯಿ ಕೇಳಿದರೆ ಗ್ರಾಹಕನು ಗೊಣಗುತ್ತಲೇ ಕೊಡುತ್ತಾನೆ. ಸತ್ಯ ಹೇಳಿದವನಿಗೆ ನಷ್ಟ, ಸುಳ್ಳು ಹೇಳಿದವನಿಗೆ ಲಾಭ ತರುವ ದರಪದ್ಧತಿಯನ್ನು ಇಟ್ಟುಕೊಂಡು, ತಂತ್ರಜ್ಞರು ಮೋಸ ಮಾಡುತ್ತಾರೆಂದು ದೂರುವುದರಲ್ಲಿ ಅರ್ಥವಿಲ್ಲ.

ಪರಿಹಾರವು ಸರಳವಾಗಿದೆ. ದೋಷ ಪತ್ತೆಗೆ ಪ್ರತ್ಯೇಕ ದರವನ್ನು ಗೋಡೆಯ ಮೇಲೆ ಬರೆದು ಹಾಕಬೇಕು. ಆ ಹಣಕ್ಕೆ ಪ್ರತಿಯಾಗಿ ಗ್ರಾಹಕನಿಗೆ ಬರವಣಿಗೆಯಲ್ಲಿ ವರದಿ ಸಿಗಬೇಕು. ಆನಂತರ ದುರಸ್ತಿ ಮಾಡಿಸುವುದು, ಬಿಡುವುದು, ಬೇರೆಡೆಗೆ ಒಯ್ಯುವುದು ಅವನ ಇಷ್ಟ.

ಆಕ್ಷೇಪಗಳು

ಪತ್ತೆಗೆ ದರ ಕೇಳಿದರೆ ಗ್ರಾಹಕರು ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಮೊದಲ ಆಕ್ಷೇಪ. ಒಂದೇ ಅಂಗಡಿ ಇದನ್ನು ಮಾಡಿದರೆ ಈ ಅಪಾಯ ಇದ್ದೇ ಇದೆ. ಒಂದು ಊರಿನ ಅಂಗಡಿಗಳು ಪತ್ತೆ ಬೇರೆ, ದುರಸ್ತಿ ಬೇರೆ ಎಂಬ ಪದ್ಧತಿಯನ್ನು ಒಟ್ಟಾಗಿ ಒಪ್ಪಿದರೆ ಅದು ಕಡಿಮೆಯಾಗುತ್ತದೆ. ಎಲ್ಲರೂ ಒಂದೇ ದರ ಇಡಬೇಕೆಂದು ಇದರ ಅರ್ಥವಲ್ಲ. ಹಾಗೆ ಕೂಡಿ ದರ ನಿಗದಿ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ. ದರ ಎಷ್ಟೆಂಬುದು ಆಯಾ ಅಂಗಡಿಗೆ ಬಿಟ್ಟದ್ದು.

ದುರಸ್ತಿ ಮಾಡಿಸಿದರೆ ಪತ್ತೆಯ ದರವನ್ನು ಬಿಲ್ಲಿನಲ್ಲಿ ವಜಾ ಮಾಡಿದರಾಯಿತು ಎಂಬುದು ಎರಡನೆಯ ಸಲಹೆ. ಇದು ಆಕರ್ಷಕವಾಗಿ ಕಂಡರೂ ಮತ್ತೆ ಹಳೆಯ ಹಾದಿಗೇ ತರುತ್ತದೆ. ವಜಾ ಮಾಡಿದ ಹಣವನ್ನು ಬಿಡಿಭಾಗದ ಬೆಲೆಯಲ್ಲಿ ಮರಳಿ ಸೇರಿಸಬೇಕೆಂಬ ಒತ್ತಡವು ತಂತ್ರಜ್ಞನ ಮೇಲೆ ಬೀಳುತ್ತದೆ. ವಜಾ ಮಾಡದೆ, ದುರಸ್ತಿಯ ಕೂಲಿಯನ್ನು ಅದಕ್ಕೆ ತಕ್ಕಂತೆ ಕಡಿಮೆ ಇಡುವುದೇ ಲೇಸು.

ಹೊಸ ಟಿ.ವಿ.ಗಳು ಅಗ್ಗವಾಗಿರುವಾಗ ಹಳೆಯದರ ಚಿಂತೆ ಏಕೆ ಎಂಬುದು ಮೂರನೆಯದು. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಕೊಳ್ಳುವ ಶಕ್ತಿಯಿರುವವರು ಕೊಳ್ಳಲಿ. ಆದರೆ ಸಡಿಲವಾದ ಒಂದು ಪಿನ್ನಿಗಾಗಿ ಸಾವಿರಾರು ರೂಪಾಯಿ ವ್ಯಯಿಸುವುದು ಯಾವ ಕುಟುಂಬಕ್ಕೂ ಉಳಿತಾಯವಲ್ಲ. ಮೇಲಾಗಿ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸದ ಅಂಶ ಗಣನೀಯವಾಗಿದೆ. ಗುಜರಿಯಲ್ಲಿ ಒಡೆದು ತಾಮ್ರ ತೆಗೆದು ಉಳಿದುದನ್ನು ಬಯಲಿಗೆ ಎಸೆದರೆ ಅದರ ಬೆಲೆಯನ್ನು ಮಣ್ಣು ಮತ್ತು ನೀರು ತೆರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂತಹವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ದುರಸ್ತಿಗೆ ಯೋಗ್ಯವಲ್ಲ ಎಂಬ ಲಿಖಿತ ವರದಿಯು ಆ ದಾರಿಯ ಮೊದಲ ಮೆಟ್ಟಿಲಾಗಬಹುದು.

ಬಿಲ್ಲು ಎಂಬ ರಕ್ಷಣೆ

ಬಿಲ್ಲು ಬರೆದರೆ ತೆರಿಗೆಯ ಕಾಟ ಎಂಬ ಭಯ ಸಣ್ಣ ಅಂಗಡಿಗಳಲ್ಲಿ ವ್ಯಾಪಕವಾಗಿದೆ. ಈ ಭಯಕ್ಕೆ ಆಧಾರ ಕಡಿಮೆ. ರಾಜ್ಯದಲ್ಲಿ ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಿಲ್ಲ. ಅಂತಹವರು ತೆರಿಗೆ ವಸೂಲು ಮಾಡದೆ ಸಾದಾ ಬಿಲ್ಲನ್ನು ಕೊಡಬಹುದು. ಬಿಲ್ಲು ಕೊಡದಿರುವುದೇ ಅಪಾಯಕರ: ಮಾರಿದ ವಸ್ತುವಿಗೆ ಅಥವಾ ಸಲ್ಲಿಸಿದ ಸೇವೆಗೆ ಬಿಲ್ಲು ನೀಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಹೇಳಿದೆ.

2025ರ ಜುಲೈ ತಿಂಗಳಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದುದು ಸದಸ್ಯರಿಗೆ ನೆನಪಿರಬಹುದು. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಸ್ವಂತದ್ದೆಷ್ಟು ಎಂದು ದಾಖಲೆಯಿಂದ ತೋರಿಸಬಲ್ಲವರಿಗೆ ಅಂತಹ ನೋಟಿಸಿಗೆ ಉತ್ತರಿಸುವುದು ಸುಲಭ. ದಾಖಲೆಯೇ ಇಲ್ಲದವರಿಗೆ ಕಷ್ಟ. ನೋಂದಣಿಯಿರುವ ದೊಡ್ಡ ಅಂಗಡಿಗಳೂ ಕೂಲಿ ಮತ್ತು ಬಿಡಿಭಾಗಗಳನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ತೋರಿಸುವುದು ಲೇಸು. ಕಾರುಗಳ ಸರ್ವೀಸಿಂಗ್ ಕುರಿತು 2018ರ ಜೂನ್ 8ರ ಕೇಂದ್ರೀಯ ಸುತ್ತೋಲೆಯು, ಹೀಗೆ ಬೇರೆಯಾಗಿ ತೋರಿಸಿದಾಗ ಸರಕಿಗೂ ಸೇವೆಗೂ ಆಯಾ ದರದಲ್ಲಿ ತೆರಿಗೆಯೆಂದು ತಿಳಿಸಿದೆ.

ಸಂಘಸಂಸ್ಥೆಗಳು ಮಾಡಬೇಕಾದುದು

ಈ ಸುಧಾರಣೆಗೆ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗಾಗಿ 2022ರಲ್ಲಿ ಪೋರ್ಟಲ್ ಆರಂಭಿಸಿ ತಯಾರಕರ ದುರಸ್ತಿ ಮಾಹಿತಿಯನ್ನು ಒಂದೆಡೆ ತರಲು ಹೊರಟದ್ದು ಸ್ವಾಗತಾರ್ಹ. ಆದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಕುಳಿತ ತಂತ್ರಜ್ಞನಿಗೆ ಬೇಕಾದ ನೆರವನ್ನು ಜಿಲ್ಲಾ ವಾಣಿಜ್ಯ ಸಂಸ್ಥೆಗಳೇ ಕೊಡಬಲ್ಲವು.

ಒಂದು, ಕನ್ನಡದಲ್ಲಿ ಮಾದರಿ ಜಾಬ್ ಕಾರ್ಡ್ ಮುದ್ರಿಸಿ ಹಂಚಬೇಕು. ಅದರಲ್ಲಿ ಐದು ಅಂಕಣಗಳಿದ್ದರೆ ಸಾಕು: ಗ್ರಾಹಕರು ಹೇಳಿದ ಲಕ್ಷಣ, ಪರೀಕ್ಷೆಯಲ್ಲಿ ಕಂಡ ದೋಷ, ಮಾಡಿದ ಕೆಲಸ, ಹಾಕಿದ ಭಾಗ, ಹಿಂತಿರುಗಿಸಿದ ಹಳೆಯ ಭಾಗ. ಕೊನೆಯ ಅಂಕಣವು ಮುಖ್ಯವಾದುದು. ಕಳಚಿದ ಭಾಗವನ್ನು ಗ್ರಾಹಕನ ಕೈಗೆ ಕೊಡುವ ರೂಢಿ ಬಂದರೆ ಹೋಗಿಲ್ಲದ ಐ.ಸಿ.ಗೆ ಬಿಲ್ಲು ಬರೆಯುವುದು ಕಷ್ಟವಾಗುತ್ತದೆ.

ಎರಡು, ವಸತಿಗೃಹ ಮತ್ತು ಆಸ್ಪತ್ರೆಗಳ ಮಾಲೀಕರಾದ ಸದಸ್ಯರು ತಮ್ಮ ವಾರ್ಷಿಕ ನಿರ್ವಹಣಾ ಒಪ್ಪಂದಗಳಲ್ಲಿ ಪತ್ತೆಯ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಬೇಕು. ವರ್ಷದ ಕೊನೆಯಲ್ಲಿ ಜಾಬ್ ಕಾರ್ಡುಗಳನ್ನು ಒಟ್ಟುಗೂಡಿಸಿ ನೋಡಿದರೆ ಯಾವ ಮಹಡಿಯಲ್ಲಿ ಕೇಬಲ್ ಬದಲಾಯಿಸಬೇಕು, ಯಾವ ಟಿ.ವಿ.ಯನ್ನು ಕೈಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೂರು, ಐ.ಟಿ.ಐ.ಗಳು ಹಾಗೂ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳೊಡನೆ ಮಾತುಕತೆ ನಡೆಸಿ, ದುರಸ್ತಿ ತರಬೇತಿಯ ಜೊತೆಗೆ ದರ ಲೆಕ್ಕ ಹಾಕುವುದನ್ನೂ ವರದಿ ಬರೆಯುವುದನ್ನೂ ಕಲಿಸಬೇಕು. ಬೆಸುಗೆ ಹಾಕಲು ಬಲ್ಲವನಿಗೆ ತನ್ನ ಗಂಟೆಯ ಬೆಲೆ ಗೊತ್ತಿಲ್ಲದಿದ್ದರೆ ಅಂಗಡಿ ಬಹುಕಾಲ ಬಾಳಲಾರದು.

ವೈದ್ಯರು ಔಷಧಿ ಬರೆಯದೆ "ಏನೂ ತೊಂದರೆಯಿಲ್ಲ" ಎಂದಾಗ ಜನರು ಶುಲ್ಕ ಕೊಟ್ಟು ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಹಳದಿ ಪಿನ್ನನ್ನು ಸರಿಯಾಗಿ ಸಿಕ್ಕಿಸಿ "ಟಿ.ವಿ. ಚೆನ್ನಾಗಿದೆ, ಒಯ್ಯಿರಿ" ಎನ್ನುವ ತಂತ್ರಜ್ಞನಿಗೂ ಅದೇ ನ್ಯಾಯ ಸಲ್ಲಬೇಕು. ಇದಕ್ಕೆ ಬೇಕಾದುದು ಗೋಡೆಯ ಮೇಲೊಂದು ದರಪಟ್ಟಿ, ಮೇಜಿನ ಮೇಲೊಂದು ಬಿಲ್ಲು ಪುಸ್ತಕ. ಜಿಲ್ಲಾ ಸಂಸ್ಥೆಗಳು ತಮ್ಮ ಮುಂದಿನ ಕಾರ್ಯಕಾರಿ ಸಭೆಗಳಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳುವುದು ಸೂಕ್ತ.